ಬಾನೆಟ್ ತಣ್ಣಗಿದ್ದಾಗ

“ಗುರುಗಳೇ, ನನ್ನ ದೋಷ ಸ್ವಭಾವದಲ್ಲೇ ಇದೆಯೋ, ಇಲ್ಲ ತೆಗೆಯಲು ಬರುವಂಥದ್ದೋ?” ಎಂದು ಶಿಷ್ಯ ವಿರೂಪಾಕ್ಷ ಕೇಳಿದ.

“ಯಾವ ದೋಷ?” ಎಂದರು ಗುರುಗಳು.

“ಬೆಳಿಗ್ಗೆ ಎದ್ದ ಕೂಡಲೇ ಮನೆಯವರ ಮೇಲೆ ರೇಗುತ್ತೇನೆ. ಚಹಾ ತಡವಾದರೂ ರೇಗುತ್ತೇನೆ, ಬೇಗ ಬಂದರೂ ರೇಗುತ್ತೇನೆ. ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಹೋಗುತ್ತದೆ. ಸಂಜೆ ನಿಮ್ಮ ಮುಂದೆ ಕೂತಾಗ, ಬೆಳಿಗ್ಗೆ ಏನೆಂದೆ ಎಂಬುದೇ ನೆನಪಿರುವುದಿಲ್ಲ. ಇದನ್ನು ನಾನು ದೊಡ್ಡದೆಂದು ತಿಳಿದಿರಲಿಲ್ಲ.”

“ಈಗ?”

“ನನ್ನ ಮಗಳು ಈಚೆಗೆ ನಾನು ಏಳುವ ಮೊದಲೇ ಶಾಲೆಗೆ ಹೊರಟುಬಿಡುತ್ತಾಳೆ. ಗೇಟು ತೆರೆಯುವವರೆಗೆ ಹೊರಗೆ ನಿಂತಿರುತ್ತಾಳಂತೆ. ಶಾಲೆಯ ಕಾವಲುಗಾರ ಹೇಳಿದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವೇ ಆಗಿದ್ದರೆ ಅವಳನ್ನು ಹಾಸ್ಟೆಲಿಗೆ ಸೇರಿಸಿಬಿಡುತ್ತೇನೆ. ಅವಳಾದರೂ ನೆಮ್ಮದಿಯಿಂದಿರಲಿ.”

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ವೇಗದ ಕಾರೊಂದನ್ನು ಕೊಳ್ಳಬೇಕೆಂಬುದು ಅವನ ಬಹಳ ಕಾಲದ ಆಸೆ. ಹೊಸದು ಅವನಿಗೆ ನಿಲುಕುವಂಥದ್ದಲ್ಲ. ನಡುವಯಸ್ಸು ದಾಟಿದ ಮೇಲೆ ಬೇರೆಯವರು ಬಳಸಿದ ಒಂದು ಕಾರು ಸಿಕ್ಕಿತು. ಎರಡೇ ಬಾಗಿಲು. ನೆಲಕ್ಕೆ ಹತ್ತಿರದ ಮೈ. ಒಂದು ಕಾಲದಲ್ಲಿ ಶ್ರೀಮಂತರಷ್ಟೇ ಇಟ್ಟುಕೊಳ್ಳುತ್ತಿದ್ದ ಗಾಡಿ.

ಕೊಳ್ಳಲು ಹೋದ ದಿನ ಎಂಜಿನ್ ಆಗಲೇ ಚಾಲೂ ಇತ್ತು. ಸದ್ದು ವೀಣೆಯ ತಂತಿ ಮಿಡಿದಂತೆ ಶುದ್ಧವಾಗಿತ್ತು. ವ್ಯಾಪಾರಿ ಎರಡು ಮಾತಾಡದೆ ಕೊಂಡು ತಂದ.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಕೀಲಿ ತಿರುಗಿಸಿದ. ಎಂಜಿನ್ ಒಳಗಿನಿಂದ ಕಟಕಟ ಎಂಬ ಸದ್ದು ಬಂತು. ಯಾರೋ ಬೆರಳ ಗೆಣ್ಣಿನಿಂದ ತಗಡು ಬಡಿದಂತೆ ಇತ್ತು. ಎಂಜಿನ್ನೇ ಕೆಟ್ಟಿದೆಯೆಂದು ವ್ಯಾಪಾರಿ ಹೆದರಿದ. ಅವನು ಎಂಜಿನ್ ಆರಿಸದೆ ಕಾರಿಂದ ಇಳಿದು ಮನೆಯೊಳಗೆ ಹೋದ. ಕಾಫಿ ಕುಡಿದು ಹೊರಗೆ ಬಂದಾಗ ಕಟಕಟ ಸದ್ದು ನಿಂತಿತ್ತು. ಅಂದು ಸಂಜೆಯವರೆಗೂ ಮತ್ತೆ ಬರಲಿಲ್ಲ.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ.

ವ್ಯಾಪಾರಿ ಒಂದು ಪದ್ಧತಿ ಮಾಡಿಕೊಂಡ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವುದು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಕಾಫಿ ಮುಗಿಸಿ ಬರುವುದು. ಹೀಗೆ ಅವನಿಗೆ ಸದ್ದು ಕೇಳಿಸುವುದು ನಿಂತಿತು. ಭಯ ಮಾತ್ರ ನಿಲ್ಲಲಿಲ್ಲ. ಹೆದ್ದಾರಿಯಲ್ಲಿ ಕಾರು ಬಾಣದಂತೆ ಹೋಗುತ್ತಿದ್ದಾಗಲೂ ಅವನ ಕಿವಿ ಬಾನೆಟ್ಟಿನ ಕಡೆಗೇ ಇರುತ್ತಿತ್ತು. ಕೊಂಡ ಸುಖ ಒಂದು ದಿನವೂ ಸಿಗಲಿಲ್ಲ.

ಅವನು ಕೆಲವರನ್ನು ಕೇಳಿದ. ಪಕ್ಕದ ಅಂಗಡಿಯವನು, “ಎಂಜಿನ್ ಕೆಳಗಿಳಿಸಿ ಪೂರ್ತಿ ಬಿಚ್ಚಬೇಕು. ಬಿಚ್ಚಿದ ಮೇಲೆ ಅದು ಮೊದಲಿನ ಹಾಗೆ ಕೂಡುತ್ತದೆ ಅನ್ನೋ ಭರವಸೆ ಇಲ್ಲ,” ಎಂದ. ಹೆಂಡತಿಯ ತಮ್ಮ, “ಭಾವ, ಮಾರಿಬಿಡಿ. ನೋಡೋಕೆ ಬರೋರು ಬರೋ ಮೊದಲು ಬಿಸಿ ಮಾಡಿಡಿ. ನಿಮಗೂ ಹಾಗೇ ತೋರಿಸಿದ್ದಾರೆ, ಇನ್ನೂ ಗೊತ್ತಾಗಲಿಲ್ವಾ?” ಎಂದು ನಕ್ಕ.

ವ್ಯಾಪಾರಿಗೆ ಆಗ ಗೊತ್ತಾಯಿತು. ಅವಮಾನವೂ ಆಯಿತು. ಆದರೂ ಮಾರಲು ಮನಸ್ಸು ಬರಲಿಲ್ಲ. ಹಾಗೆಂದು ಇಟ್ಟುಕೊಳ್ಳಲು ಧೈರ್ಯವೂ ಇರಲಿಲ್ಲ. ಕೊನೆಗೆ ಆ ಜಾತಿಯ ಕಾರುಗಳನ್ನು ಬಲ್ಲ ಒಬ್ಬ ಮೆಕ್ಯಾನಿಕ್ಕಿಗೆ ಹೇಳಿ ಕಳುಹಿಸಿದ. ಆಕೆ ಹೆಂಗಸು. ಊರಾಚೆ ಸ್ವಂತ ಗ್ಯಾರೇಜು ನಡೆಸುತ್ತಿದ್ದಳು. ದೊಡ್ಡ ರೋಗವೆಂದು ಈಕೆ ಹೇಳಿದರೆ ಮಾರಿಬಿಡುವುದೆಂದು ವ್ಯಾಪಾರಿ ತೀರ್ಮಾನಿಸಿದ.

ಆಕೆ ಬರುವ ದಿನ ವ್ಯಾಪಾರಿ ಬೇಗ ಎದ್ದು ಕಾರು ತೊಳೆದ. ಬಟ್ಟೆಯಿಂದ ಉಜ್ಜಿ ಹೊಳಪು ತಂದ. ಕುಂಕುಮವಿಟ್ಟು ಹೂ ಮುಡಿಸಿದ. ಆಮೇಲೆ ಎಂಜಿನ್ ಚಾಲೂ ಮಾಡಿ ಊರು ಒಂದು ಸುತ್ತು ಹಾಕಿ ತಂದು ನಿಲ್ಲಿಸಿದ. ಇದರಲ್ಲಿ ಕಪಟವಿರಲಿಲ್ಲ. ಗಿರಾಕಿಯ ಮುಂದೆ ಸೀರೆಯ ಸೆರಗನ್ನೇ ಮೊದಲು ಹರಡಿ ಅವನಿಗೆ ಅಭ್ಯಾಸ. ತನ್ನದೇನನ್ನಾದರೂ ಬೇರೆಯವರಿಗೆ ತೋರಿಸುವಾಗ ಅವನ ಕೈ ತಾನಾಗಿಯೇ ಒಳ್ಳೆಯ ಬದಿಯನ್ನು ಮೇಲೆ ಮಾಡುತ್ತಿತ್ತು.

ಮೆಕ್ಯಾನಿಕ್ ಬಂದಳು. ಚೀಲ ಕೆಳಗಿಟ್ಟಳು. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು.

“ಬಿಸಿ ಇದೆಯಲ್ಲ, ಸಾಹುಕಾರ್ರೇ?”

“ನೀವು ಬರ್ತೀರಿ ಅಂತ ಒಂದು ಸುತ್ತು ಓಡಿಸಿ ತಂದೆ, ಮೇಡಂ. ಬಂದವರ ಮುಂದೆ ಕಟಕಟ ಅನ್ನಬಾರದಲ್ಲ.”

“ಜ್ವರದ ಮಾತ್ರೆ ನುಂಗಿ ಡಾಕ್ಟರ ಹತ್ತಿರ ಹೋಗೋರನ್ನ ನೋಡಿದ್ದೀನಿ. ಕಾರಿಗೂ ನುಂಗಿಸ್ತಾರೆ ಅಂತ ಇವತ್ತೇ ನೋಡಿದ್ದು.” ಆಕೆ ಚೀಲ ತೆರೆಯಲಿಲ್ಲ. “ಹೋಗಲಿ, ಸದ್ದು ಎಷ್ಟು ಹೊತ್ತು ಇರುತ್ತೆ?”

ವ್ಯಾಪಾರಿಗೆ ಗೊತ್ತಿರಲಿಲ್ಲ.

“ಯಾವ ಕಡೆಯಿಂದ ಬರುತ್ತೆ?”

ಅದೂ ಗೊತ್ತಿರಲಿಲ್ಲ. ಇಷ್ಟು ದಿನ ಆ ಸದ್ದಿಗೆ ಹೆದರಿದವನು ಒಂದು ದಿನವಾದರೂ ಅದನ್ನು ಪೂರ್ತಿ ಕೇಳಿರಲಿಲ್ಲ.

ಅವನ ಹೆಂಡತಿ ಹೊಸ್ತಿಲ ಬಳಿ ನಿಂತಿದ್ದಳು. ಅವಳು ಹೇಳಿದಳು. “ತುಳಸಿಕಟ್ಟೆ ಕಡೆಗಿರೋ ಬದಿಯಿಂದ ಬರುತ್ತೆ, ಅಕ್ಕ. ನಾನು ರಂಗೋಲಿ ಹಾಕಿ ಮುಗಿಸೋ ಹೊತ್ತಿಗೆ ನಿಲ್ಲುತ್ತೆ. ಚಳಿ ಇದ್ದ ದಿನ ಬಣ್ಣ ತುಂಬೋವರೆಗೂ ಇರುತ್ತೆ. ಆಗ ಹೊಗೆ ವಾಸನೆ ಮುಂದಗಡೆಯಿಂದ ಬರುತ್ತೆ, ಹಿಂದಿನ ಕೊಳವೆಯಿಂದ ಅಲ್ಲ.”

ವ್ಯಾಪಾರಿ ತಿರುಗಿ ನೋಡಿದ. “ನನಗೆ ಯಾಕೆ ಹೇಳಲಿಲ್ಲ?”

“ನೀವು ಊರೋರನ್ನೆಲ್ಲ ಕೇಳಿದ್ರಿ. ನನ್ನ ಯಾವತ್ತು ಕೇಳಿದ್ರಿ? ಸದ್ದು ಶುರುವಾದ್ರೆ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ತೀರಿ. ಹೊರಗೆ ಅದರ ಜೊತೆ ಇರೋಳು ನಾನು.”

ಮೆಕ್ಯಾನಿಕ್ ಚೀಲ ಎತ್ತಿಕೊಂಡಳು. “ನಾಳೆ ಬೆಳಿಗ್ಗೆ ಬರ್ತೀನಿ. ಅಲ್ಲಿವರೆಗೆ ಕೀಲಿ ಮುಟ್ಟಬೇಡಿ,” ಎಂದು ಹೊರಟುಹೋದಳು.

ಮರುದಿನ ವ್ಯಾಪಾರಿಯ ಕೈ ಮತ್ತೆ ಕೀಲಿ ಹುಡುಕಿತು. ಗೂಡಿನಲ್ಲಿ ಕೀಲಿ ಇರಲಿಲ್ಲ. ಹೆಂಡತಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು.

ಮೆಕ್ಯಾನಿಕ್ ಬಂದಳು. ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಬಾನೆಟ್ ಎತ್ತಿ ನಿಲ್ಲಿಸಿ, “ಈಗ ಮಾತಾಡಿಸಿ,” ಎಂದಳು.

ವ್ಯಾಪಾರಿ ಹೆಂಡತಿಯಿಂದ ಕೀಲಿ ಇಸಿದುಕೊಂಡು ತಿರುಗಿಸಿದ. ಕಟಕಟ ಸದ್ದು ಬಂತು. ಅವನು ಇಳಿದು, ರೂಢಿಯಂತೆ ಮನೆಯ ಕಡೆ ಎರಡು ಹೆಜ್ಜೆ ಇಟ್ಟ.

“ಎಲ್ಲಿಗೆ ಹೊರಟ್ರಿ, ಸಾಹುಕಾರ್ರೇ? ಇದು ನಿಮ್ಮ ಕಾರು. ಇಲ್ಲೇ ನಿಂತು ಕೇಳಿ.”

ಅವನು ನಿಂತ. ಹೆಂಡತಿ ರಂಗೋಲಿಯ ಚುಕ್ಕಿ ಇಡತೊಡಗಿದಳು.

ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರ್ ತೆಗೆದಳು. ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿದಳು. ಒಂದು ಕಡೆ ಕೇಳಿದಳು, ಮುಂದಿನ ಕಡೆಗೆ ಸರಿದಳು. ಒಂದು ಜಾಗ ಪೂರ್ತಿ ಕೇಳಿ ಮುಗಿಸುವ ತನಕ ಇನ್ನೊಂದಕ್ಕೆ ಹೋಗಲಿಲ್ಲ. ಎಂಜಿನ್ನಿನ ಒಳಗಿನ ಚೈನು ಸಡಿಲವಾಗಿರಬಹುದೆಂದು ಆಕೆಗೆ ಮೊದಲು ಅನುಮಾನವಿತ್ತು. ಅದನ್ನು ಮುಚ್ಚಿಡಲಿಲ್ಲ. ಕೇಳಿ ನೋಡಿ, “ಚೈನು ಅಂದ್ಕೊಂಡಿದ್ದೆ. ಅಲ್ಲ,” ಎಂದಳು. ಎಣ್ಣೆ ಮೇಲೇರುವುದು ತಡವಾದರೂ ಇಂಥ ಸದ್ದು ಬರುವುದುಂಟು. ಆದರೆ ಅದು ಕೆಲವು ಉಸಿರಿನಲ್ಲಿ ನಿಲ್ಲುತ್ತದೆ, ರಂಗೋಲಿ ಮುಗಿಯುವವರೆಗೆ ಕಾಯುವುದಿಲ್ಲ. ಆಕೆ ಅದನ್ನೂ ಬಿಟ್ಟಳು. ಎಂಜಿನ್ನಿನ ಹೊಟ್ಟೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟು ಬಹಳ ಹೊತ್ತು ಕೇಳಿದಳು. ಅಲ್ಲಿ ಸದ್ದು ಸಮನಾಗಿತ್ತು.

ಕೊನೆಗೆ ಹೊಗೆಯ ಕೊಳವೆ ಎಂಜಿನ್ನಿಗೆ ಕೂಡುವ ಕಡೆಗೆ ಬಂದಳು. ಅದು ತುಳಸಿಕಟ್ಟೆಯ ಬದಿಯಲ್ಲೇ ಇತ್ತು. ಸ್ಕ್ರೂಡ್ರೈವರ್ ಕೆಳಗಿಟ್ಟು ಬರಿಗೈಯನ್ನು ಹತ್ತಿರಕ್ಕೆ ಒಯ್ದಳು. ಆಮೇಲೆ ವ್ಯಾಪಾರಿಯನ್ನು ಕರೆದಳು.

“ಇಲ್ಲಿ ಕೈ ಹಿಡೀರಿ. ಮುಟ್ಟಬೇಡಿ, ಹತ್ತಿರ ಹಿಡೀರಿ.”

ವ್ಯಾಪಾರಿ ಹಿಡಿದ. ಪ್ರತಿ ಕಟಕ್ಕಿಗೆ ಒಂದು ಪುಟ್ಟ ಗಾಳಿ ಅಂಗೈಗೆ ಬಡಿಯಿತು. ಮಲಗಿದ ಕೂಸಿನ ಮೂಗಿನ ಹತ್ತಿರ ಕೈ ಹಿಡಿದಂತೆ ಇತ್ತು.

“ಇದೇನಾ ಸದ್ದು?”

“ಇದೇ. ಒಂದು ಬೋಲ್ಟು ಮುರಿದಿದೆ. ಅಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿದೆ. ನೋಡಿ, ಸುತ್ತ ಮಸಿ ಹಿಡಿದಿದೆ. ಎಂಜಿನ್ ತಣ್ಣಗಿರುವಾಗ ಹೊಗೆ ಆ ಸಂದಿನಿಂದ ನುಗ್ಗುತ್ತೆ. ಬಿಸಿಯಾದ ಮೇಲೆ ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತೆ. ನಿಮಗೆ ವಾಸಿಯಾದ ಹಾಗೆ ಕಾಣುತ್ತೆ.”

“ಒಳಗೆ?”

“ಒಳಗೆ ಗಟ್ಟಿಯಾಗಿದೆ. ಇನ್ನೂ ಬಹಳ ಕಾಲ ಓಡುತ್ತೆ.”

ವ್ಯಾಪಾರಿ ಕೈ ತೆಗೆಯದೆ ಅಲ್ಲೇ ನಿಂತ. ಸದ್ದು ನಿಧಾನವಾಗಿ ಕುಗ್ಗುತ್ತ ಬಂತು. ಆಮೇಲೆ ನಿಂತಿತು. ಅತ್ತ ಹೆಂಡತಿ ರಂಗೋಲಿಯ ಕೊನೆಯ ಗೆರೆ ಎಳೆದು ಕೈ ಕೊಡವಿಕೊಂಡಳು. ಮೆಕ್ಯಾನಿಕ್ ಅವಳನ್ನು ನೋಡಿ ನಕ್ಕಳು.

“ಮತ್ತೆ ಇದನ್ನು ಹೀಗೇ ಬಿಟ್ಟರೆ?” ಎಂದು ವ್ಯಾಪಾರಿ ಕೇಳಿದ.

“ಬಿಸಿ ಹೊಗೆ ಸಂದನ್ನು ದಿನಾ ತಿನ್ನುತ್ತೆ. ಸಂದು ದೊಡ್ಡದಾಗುತ್ತೆ. ಆಮೇಲೆ ಬಿಸಿಯಾದರೂ ಮುಚ್ಚಲ್ಲ. ಇವತ್ತು ಇದು ಒಂದು ಬೋಲ್ಟಿನ ಕೆಲಸ.”

ಕಾರು ಗ್ಯಾರೇಜಿಗೆ ಹೋಯಿತು. ಮುರಿದ ಬೋಲ್ಟಿನ ತುಂಡು ಒಳಗೇ ಉಳಿದಿತ್ತು. ಎಳೆದರೆ ಬರಲಿಲ್ಲ. ಅವಸರ ಮಾಡಿದರೆ ಸುತ್ತಲಿನ ಲೋಹ ಕೆಡುತ್ತಿತ್ತು. ಮೆಕ್ಯಾನಿಕ್ ಅದಕ್ಕೆ ಎಣ್ಣೆ ಬಿಟ್ಟು ಕಾದಳು, ಸ್ವಲ್ಪ ತಿರುಗಿಸಿದಳು, ಮತ್ತೆ ಕಾದಳು. ಕೊನೆಗೆ ತುಂಡು ಹೊರಬಂತು. ಹೊಸ ಬೋಲ್ಟು ಹಾಕಿ, ಸಂದಿನ ನಡುವೆ ಹೊಗೆ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿದಳು.

ಕಾರು ಮನೆಗೆ ಬಂದ ಮರುದಿನ ಬೆಳಿಗ್ಗೆ ವ್ಯಾಪಾರಿ ಬಾನೆಟ್ಟಿನ ಮೇಲೆ ತಾನೇ ಅಂಗೈ ಇಟ್ಟ. ತಣ್ಣಗಿತ್ತು. ಕೀಲಿ ತಿರುಗಿಸಿದ. ಎಂಜಿನ್ ಎದ್ದಿತು. ವೀಣೆಯ ಸದ್ದಲ್ಲ ಅದು. ತಣ್ಣಗಿನ ಎಂಜಿನ್ನಿಗೆ ಅದರದೇ ಆದ ಒಂದಿಷ್ಟು ಒರಟು ದನಿ ಇರುತ್ತದೆ. ಆದರೆ ಕಟಕಟ ಇರಲಿಲ್ಲ. ಅವನು ಒಳಗೆ ಹೋಗಲಿಲ್ಲ. ಹೆಂಡತಿ ಕಾಫಿಯನ್ನು ಹೊರಗೇ ತಂದುಕೊಟ್ಟಳು.

“ಈಗ ಕೇಳ್ತೀರಾ?” ಎಂದಳು.

“ಏನು?”

“ನಾನು ಯಾವಾಗ ಇದರಲ್ಲಿ ಕೂರೋದು ಅಂತ.”

ಗುರುಗಳು ಕತೆ ನಿಲ್ಲಿಸಿದರು.

ವಿರೂಪಾಕ್ಷ ನಕ್ಕ. ನಗು ಬೇಗ ಅಡಗಿತು. ಅವನು ತನ್ನ ಅಂಗೈಯನ್ನು ನೋಡಿಕೊಳ್ಳುತ್ತ ಕೂತ. ಆಮೇಲೆ ಮುಖವೆತ್ತಿದ. ಆ ಮುಖದಲ್ಲಿ ಬಂದಾಗಿನ ಭಾರ ಇರಲಿಲ್ಲ.

“ಹಾಗಾದರೆ ನನ್ನದೂ ಒಂದು ಬೋಲ್ಟಿನ ಕೆಲಸವಿರಬಹುದು, ಗುರುಗಳೇ. ಹಾಸ್ಟೆಲಿನ ಮಾತು ಬಿಟ್ಟೆ. ಆದರೆ ಸಂಜೆ ನಿಮ್ಮ ಮುಂದೆ ಕೂತಾಗ ನನ್ನ ಸದ್ದು ಅಡಗಿರುತ್ತದೆ. ನೀವೇ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು ಕೇಳಬೇಕು.”

ಗುರುಗಳು ಎದ್ದು ನಿಂತು ಶಲ್ಯ ಹೊದ್ದುಕೊಂಡರು.

“ನಾನು ಬಂದ ದಿನ ನಿನ್ನ ಬಾನೆಟ್ ಬಿಸಿಯಾಗಿರುತ್ತದೆ. ತಣ್ಣಗಿದ್ದಾಗಿನ ಸದ್ದು ಹೇಗಿರುತ್ತದೆಂದು ನಿನ್ನ ಮಗಳನ್ನು ಕೇಳು.”