ಕಾಗಳಸಿಯ ಮೈಮೇಲಿನ ಬಿಳಿ ಚುಕ್ಕೆಗಳು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲದ ಮಾತಿದು. ಬೆಟ್ಟಗಳು ಆಗಷ್ಟೇ ಎದ್ದು ಕೂತಿದ್ದವು. ನದಿಗೆ ಸಮುದ್ರದ ದಾರಿ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಆಗ ಕಾಗಳಸಿ ಮೀನಿನ ಮೈಮೇಲೆ ಒಂದೇ ಒಂದು ಬಿಳಿ ಚುಕ್ಕೆಯೂ ಇರಲಿಲ್ಲ.

ನಾನು ಇಷ್ಟು ಹೇಳುವಷ್ಟರಲ್ಲಿ ನನ್ನ ಮೊಮ್ಮಗಳು ತುಳಸಿ ಪ್ಲಾಸ್ಟಿಕ್ ಚೀಲದ ಗಂಟಿಗೆ ಕೈ ಹಾಕಿದಳು. ಚೀಲದಲ್ಲಿ ಅಂಗಡಿಯಿಂದ ತಂದ ಪುಟ್ಟ ಹಳದಿ ಮೀನು. ನಮ್ಮ ಗಾಜಿನ ತೊಟ್ಟಿಯ ಮೀನುಗಳೆಲ್ಲ ಮಳೆಗಾಲದಲ್ಲಿ ಸತ್ತು, ಒಂದು ಕಾಗಳಸಿ ಮತ್ತು ಅದರ ಮರಿಗಳು ಮಾತ್ರ ಉಳಿದಿದ್ದವು. ಹೊಸ ಮೀನನ್ನು ಈಗಿಂದೀಗಲೇ ತೊಟ್ಟಿಗೆ ಬಿಡಬೇಕು ಎಂದು ಅವಳ ಹಟ.

"ಕತೆ ಮುಗಿಯೂದ್ರೊಳಗೆ ಮೀನು ಸತ್ತೋದ್ರೆ ಎಂತ ಮಾಡೂದು ಅಜ್ಜ?"

"ಸಾಯೂದಿಲ್ಲ ಮಾರಾಯ್ತಿ. ಅಜ್ಜನ ಕತೆ ಅಷ್ಟೇನೂ ಉದ್ದ ಇಲ್ಲ. ಗಂಟು ಬಿಟ್ಟು ಕೂತ್ಕೋ."

ನದಿ ಸಮುದ್ರವನ್ನು ಸೇರುವುದಕ್ಕೆ ಸ್ವಲ್ಪ ಮುಂಚೆ ಒಂದು ಸಿಹಿನೀರಿನ ಮಡು ಇತ್ತು. ಅದರ ಬಾಯಿಗೆ ಬಾಗಿಲಿನಂತೆ ಒಂದು ಬಂಡೆ. ಒಂದು ಬೇಸಿಗೆಯಲ್ಲಿ ಅದು ಬತ್ತಿ, ಮೀನುಗಳೆಲ್ಲ ಹೋದವು. ತಳದ ಕೆಸರುನೀರಿನಲ್ಲಿ ಒಬ್ಬಳು ಕಾಗಳಸಿ ತನ್ನ ಮರಿಗಳನ್ನು ಹೇಗೋ ಉಳಿಸಿಕೊಂಡಳು. ಆಮೇಲೆ ಮಳೆ ಬಂತು, ಮಡು ತುಂಬಿತು. ತುಂಬಿದ ಮೇಲೆ ಅದು ಇನ್ನಷ್ಟು ಭಯ ಹುಟ್ಟಿಸುವಂತಾಯಿತು. ಕಾಗಳಸಿ ಆಡಿದ ಮಾತು ಆಚೆ ದಂಡೆಗೆ ಹೋಗಿ, ಯಾರಿಗೂ ಸಿಗದೆ, ಅವಳ ಹತ್ತಿರವೇ ಮರಳಿ ಬರುತ್ತಿತ್ತು.

"ನದಿಯಮ್ಮಾ, ನನ್ನ ಮಡುವಿಗೆ ಯಾರನ್ನಾದರೂ ಕರೆದುಕೊಂಡು ಬಾ" ಎಂದು ಕಾಗಳಸಿ ಬೇಡಿಕೊಂಡಳು.

"ಕರೆತರುತ್ತೇನೆ" ಎಂದಿತು ನದಿ. "ಆದರೆ ಬಂದವರನ್ನು ಬಾಗಿಲ ಬಂಡೆಯ ಆಚೆಗಿನ ಗುಂಡಿಯಲ್ಲಿ ಇರಿಸು. ಚಂದ್ರ ಒಮ್ಮೆ ಕರಗಿ ಒಮ್ಮೆ ತುಂಬಲಿ. ಅಲ್ಲಿಯವರೆಗೆ ಅವರ ನೀರು ನಿನ್ನ ನೀರಿಗೆ ಬೆರೆಯಬಾರದು. ಒಬ್ಬರೇ ಬಂದೆ ಅನ್ನುವವರು ಒಬ್ಬರೇ ಬಂದಿರುವುದಿಲ್ಲ."

"ಹಾಗೆಂದರೆ ಏನು?" ಎಂದು ಕೇಳುವಷ್ಟರಲ್ಲಿ ನದಿ ಮುಂದೆ ಹೋಗಿಬಿಟ್ಟಿತ್ತು. ನಿಂತು ಉತ್ತರ ಕೊಡುವುದು ನದಿಗಳಿಗೆ ಅಭ್ಯಾಸವಿಲ್ಲ.

ಒಂದು ಸಂಜೆ ಬಾಗಿಲ ಬಂಡೆಯ ಹತ್ತಿರ ಹಳದಿ ಬಣ್ಣದ ಪುಟ್ಟ ಮೀನೊಂದು ಬಂದು ನಿಂತಿತು.

"ಯಾರಮ್ಮಾ ನೀನು? ಜೊತೆಗೆ ಯಾರಿದ್ದಾರೆ?"

"ಯಾರೂ ಇಲ್ಲ ಅಕ್ಕಾ. ನಾನೊಬ್ಬಳೇ."

ಆಗ ಹಳದಿ ಮೀನಿನ ಹುರುಪೆಗಳ ಅಡಿಯಿಂದ, ಮರಳು ಜಾರಿದ ಹಾಗೆ, ಸಣ್ಣ ಸಣ್ಣ ದನಿಗಳು ಬಂದವು.

"ನಾವೂ... ನಾವೂ..."

ಹಳದಿ ಮೀನಿಗೆ ಅದು ಕೇಳಿಸಲಿಲ್ಲ. ಕಾಗಳಸಿಗೆ ಕೇಳಿಸಿತು. ದಂಡೆಯ ಹುಲ್ಲಿನಲ್ಲಿ ಗಾಳಿಯ ಸದ್ದಿರಬೇಕು ಎಂದುಕೊಂಡಳು. ಅವತ್ತು ಗಾಳಿಯೇ ಇರಲಿಲ್ಲ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬಾಯಿಗೆ ಬೆಲ್ಲ ನೀರು. ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದರೆ ಊರೆಲ್ಲ ಆಡಿಕೊಳ್ಳುತ್ತದೆ. ಆ ಮರ್ಯಾದೆ ಕಾಗಳಸಿಗೂ ಇತ್ತು. ದೂರದಿಂದ ದಣಿದು ಬಂದವಳನ್ನು ಗುಂಡಿಯಲ್ಲಿ ಕೂರಿಸುವುದೆ? ಛೆ! "ಒಳಗೆ ಬಾ ತಂಗೀ" ಎಂದುಬಿಟ್ಟಳು. ಇಂಥ ಅತಿ ಮರ್ಯಾದೆಯವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತುಳಸಿಯ ಅಜ್ಜಿಯೂ ಹಾಗೆಯೇ.

ಕೆಲವು ದಿನ ಮಡುವಿನಲ್ಲಿ ನಗುವೋ ನಗು. ಹಳದಿ ಮೀನು ಮೇಲಿನ ಊರುಗಳ ಸುದ್ದಿ ಹೇಳುತ್ತಿತ್ತು, ಮರಿಗಳು ಸುತ್ತ ಕೂತು ಕೇಳುತ್ತಿದ್ದವು. ಆಮೇಲೆ ಒಂದು ಬೆಳಿಗ್ಗೆ ಹಳದಿ ಮೀನಿನ ಬಾಲದ ಮೇಲೆ ಉಪ್ಪಿನ ಹರಳಿನಂಥ ಒಂದು ಬಿಳಿ ಕಾಳು ಕಂಡಿತು. ಮರುದಿನ ಎಲ್ಲಕ್ಕಿಂತ ಚಿಕ್ಕ ಮರಿಯ ಕೆನ್ನೆಯ ಮೇಲೂ ಒಂದು ಕಂಡಿತು.

"ಅಮ್ಮಾ, ನವೆ" ಎಂದು ಮರಿಗಳು ಕಲ್ಲಿಗೆ ಮೈ ಉಜ್ಜತೊಡಗಿದವು.

ಒಂದು ಸಂಜೆ ಆ ಕಾಳುಗಳೆಲ್ಲ ಜರಡಿಯಿಂದ ಹಿಟ್ಟು ಉದುರಿದಂತೆ ಉದುರಿ ತಳಕ್ಕೆ ಹೋದವು. ಮರಿಗಳ ಮೈ ಮೊದಲಿನಂತೆ ಹೊಳೆಯಿತು. ಅಬ್ಬ, ಗಂಡಾಂತರ ಕಳೆಯಿತು ಎಂದು ಕಾಗಳಸಿ ಉಸಿರು ಬಿಟ್ಟಳು. ಆಗ ಕೆಸರಿನ ಒಳಗಿನಿಂದ ಸದ್ದು ಬಂತು.

"ನಾವೂ... ನಾವೂ... ನಾವೂ..."

ಈ ಸಲ ದನಿಗಳು ಬಹಳ ಇದ್ದವು. ಬಿದ್ದ ಒಂದೊಂದು ಕಾಳೂ ಕೆಸರಿನಲ್ಲಿ ಮಲಗಿ, ಒಡೆದು, ನೂರಾಗಿ ಏಳುತ್ತಿತ್ತು. ಎದ್ದದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಅದು ಮಡುವಿನ ತುಂಬ ತಿರುಗಿ ತನಗೊಂದು ಮೈ ಹುಡುಕಿಕೊಳ್ಳುತ್ತಿತ್ತು.

ಬೆಳಗಾದಾಗ ಮರಿಗಳು ಬೆಳ್ಳಗಾಗಿದ್ದವು. ಆಟವಿಲ್ಲ, ಮಾತಿಲ್ಲ. ನೀರಿನ ಮೇಲ್ಗಡೆ ಬಂದು ಏದುಸಿರು ಬಿಡುತ್ತಿದ್ದವು. ಎಲ್ಲಕ್ಕಿಂತ ಚಿಕ್ಕದು ಅಮ್ಮನ ಪಕ್ಕದಲ್ಲೇ ಮಗ್ಗುಲಾಗಿ ಮಲಗಿತು, ಮತ್ತೆ ಏಳಲಿಲ್ಲ. ಮಾರನೆಯ ದಿನ ಅದರ ಅಕ್ಕ. ಆಮೇಲೆ ದಿನಕ್ಕಿಷ್ಟು.

"ಅಕ್ಕಾ, ನಾನೊಬ್ಬಳೇ ಬಂದೆ ಅಂದುಕೊಂಡಿದ್ದೆ" ಎಂದು ಹಳದಿ ಮೀನು ಅತ್ತಿತು.

ಕಾಗಳಸಿ ಬೈಯಲಿಲ್ಲ. ಆ ದನಿಗಳು ಅವಳಿಗೆ ಮೊದಲ ಸಂಜೆಯೇ ಕೇಳಿಸಿದ್ದವಲ್ಲ. ಅವಳು ಬಾಗಿಲ ಬಂಡೆಗೆ ಹೋಗಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಸಮುದ್ರವನ್ನು ಕೂಗಿದಳು. ಉಬ್ಬರದ ಹೊತ್ತಿಗೆ ಸಮುದ್ರ ಬಂಡೆಯವರೆಗೆ ಬಂದು ನಿಂತಿತು.

"ನನ್ನ ನೀರು ಉಪ್ಪು. ಗಾಯಕ್ಕೆ ಉರಿಯುತ್ತದೆ" ಎಂದಿತು ಸಮುದ್ರ. "ಉಳಿದ ಮರಿಗಳು ತಡೆದಾವೋ ಇಲ್ಲವೋ, ನನಗೆ ಗೊತ್ತಿಲ್ಲ. ಮತ್ತೆ, ನಾನು ಒಮ್ಮೆ ಹೊಕ್ಕ ನೀರು ಪೂರ್ತಿ ಸಿಹಿಯಾಗುವುದಿಲ್ಲ."

"ಬಾ" ಎಂದಳು ಕಾಗಳಸಿ.

ಸಮುದ್ರ ಬಂಡೆ ದಾಟಿ ಒಳಗೆ ಬಂತು. ಮರಿಗಳು ಉರಿ ಉರಿ ಎಂದು ಕೂಗಿದವು. ಕಾಗಳಸಿ ಅವನ್ನು ತನ್ನ ಹೊಟ್ಟೆಯ ಅಡಿಗೆ ಎಳೆದುಕೊಂಡು ಅಲ್ಲಾಡದೆ ನಿಂತಳು. ಕೆಸರಿನ ದನಿಗಳು ಒಂದೊಂದಾಗಿ ಅಡಗಿದವು. ನಾವೂ... ನಾವೂ... ಕೊನೆಗೆ ಒಂದೇ ಒಂದು ದನಿ ಉಳಿಯಿತು. ಅದು ಕೆಸರಿನಲ್ಲಿರಲಿಲ್ಲ. ಅವಳದೇ ಹುರುಪೆಯ ಅಡಿಯಲ್ಲಿತ್ತು.

"ನಾನೊಬ್ಬಳೇ" ಎಂದಿತು ಅದು. ಆಮೇಲೆ ಅದೂ ಸುಮ್ಮನಾಯಿತು.

ಕೆಲವು ಮರಿಗಳು ಬದುಕಿದವು. ಕಾಗಳಸಿಯ ಮೈತುಂಬ ಬಿಳಿ ಕಲೆಗಳಿದ್ದವು. "ಇವನ್ನೂ ತೊಳೆದುಬಿಡಲೇ?" ಎಂದು ಸಮುದ್ರ ಕೇಳಿತು.

"ಬೇಡ. ಹೋದ ಮರಿಗಳಿಗೆ ತಲಾ ಒಂದು ಚುಕ್ಕೆ ಇರಲಿ. ಇವು ನನ್ನ ವಂಶದವರ ಮೈಮೇಲೆಲ್ಲ ಇರಲಿ."

ಸಮುದ್ರ ಇಳಿದುಹೋಯಿತು. ಹಳದಿ ಮೀನು ಮಾತ್ರ ಹೋಗಲಿಲ್ಲ. "ಅಕ್ಕಾ, ಒಂದು ಚುಕ್ಕೆಯನ್ನಾದರೂ ನಾನು ತೆಗೆಯುತ್ತೇನೆ" ಎಂದು ಅವಳ ಪಕ್ಕಕ್ಕೆ ಬಂದು ನಿಂತಿತು.

ಕತೆ ಮುಗಿದಾಗ ತುಳಸಿಯ ಕೈ ಚೀಲದ ಗಂಟಿನ ಮೇಲಿರಲಿಲ್ಲ. ಅವಳೇ ಎದ್ದು ಮೂಲೆಯಿಂದ ಬಕೆಟ್ ತಂದಳು. ನಾನು ನೀರು ತುಂಬಿ ಒಂದಿಷ್ಟು ಕಲ್ಲುಪ್ಪು ಹಾಕಿ ಕರಗಿಸಿದೆ. ಚೀಲದ ನೀರನ್ನು ಅಂಗಳಕ್ಕೆ ಚೆಲ್ಲಿ, ಹಳದಿ ಮೀನನ್ನು ಮಾತ್ರ ಬಕೆಟ್ಟಿಗೆ ಬಿಟ್ಟೆವು. ನಿನ್ನೆಯಷ್ಟೇ ಹುಣ್ಣಿಮೆಯಾಗಿತ್ತು. ಇನ್ನು ಮುಂದಿನ ಹುಣ್ಣಿಮೆಯವರೆಗೆ ಅದು ಅಲ್ಲೇ.

ತುಳಸಿ ಬಕೆಟ್ಟಿನ ಮೈಗೆ ಕಿವಿ ಹಚ್ಚಿದಳು.

"ಎಂತ ಕೇಳ್ತದೆ?" ಎಂದೆ.

"ಎಂತದೂ ಇಲ್ಲ" ಎಂದಳು. ಆದರೆ ಸೋಪು ಹಚ್ಚಿ ಕೈ ತೊಳೆದುಕೊಂಡ ಮೇಲೆಯೇ ತೊಟ್ಟಿಯ ಮರಿಗಳ ಹತ್ತಿರ ಹೋದಳು.

ಮುಂದಿನ ಹುಣ್ಣಿಮೆ ಕಳೆದು ಬಕೆಟ್ಟಿನ ಮೀನೂ ತೊಟ್ಟಿಯ ಕಾಗಳಸಿಯೂ ಒಂದೇ ನೀರಿಗೆ ಬಂದಾಗ ಅವಳೇ ನೋಡುತ್ತಾಳೆ: ಇಂದಿಗೂ ಹಳದಿ ಮೀನು ಕಾಗಳಸಿಯ ಪಕ್ಕಕ್ಕೆ ಹೋಗಿ ಆ ಬಿಳಿ ಚುಕ್ಕೆಗಳನ್ನು ಒಂದೊಂದಾಗಿ ಕುಕ್ಕುತ್ತದೆ, ಕಾಗಳಸಿ ಅಲ್ಲಾಡದೆ ನಿಂತಿರುತ್ತಾಳೆ, ಚುಕ್ಕೆ ಮಾತ್ರ ಒಂದೂ ಹೋಗುವುದಿಲ್ಲ.