ಎಂಟನೆಯ ಕಿಟಕಿ

ಇಂಗ್ಲೆಂಡಿನ ಹಳ್ಳಿಯೊಂದರ ಹಳೆಯ ಬಂಗಲೆಗೆ ಬಾಗಿಲಿನ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಕಿಟಕಿಗಳಿದ್ದವು. ಎಂಟನೆಯದು ಬರೀ ಗೋಡೆ. ಅದರ ಹಿಂದೆ ಹೊಗೆಗೂಡು ಇದ್ದುದರಿಂದ, ಎರಡೂ ಕಡೆ ಸಮವಾಗಿ ಕಾಣಲೆಂದು ಅಲ್ಲಿ ಗೋಡೆಯನ್ನು ತುಸು ಒಳಸರಿಸಿ, ಗಾಜಿನಂತೆ ಬಣ್ಣ ಬಳಿದಿದ್ದರು. ಪಾಪ, ಅದಕ್ಕೆ ಇದು ಗೊತ್ತಿರಲಿಲ್ಲ.

ಮೊಟ್ಟೆಯಿಡಲು ಜಾಗ ಹುಡುಕುತ್ತ ಅಂಬರಗುಬ್ಬಿಯೊಂದು ಬಂತು. "ಅಕ್ಕಾ, ನಿನ್ನನ್ನು ಯಾವಾಗ ತೆರೆಯುತ್ತಾರೆ?"

"ನೂರು ವರ್ಷದಿಂದ ಕಾಯುತ್ತಿದ್ದೇನೆ. ಒಬ್ಬರೂ ಬಂದಿಲ್ಲ, ಯಾಕೋ ತಿಳಿಯದು."

ಗುಬ್ಬಿ ಕುಕ್ಕಿ ನೋಡಿತು. ಗಾಜು ಸುಣ್ಣವಾಗಿ ಉದುರಿತು. "ಅರೆ, ನೀನು ಗೋಡೆ ಕಣೇ!"

"ಗೋಡೆಯೇ? ಹಾಗಾದರೆ ನೀನೂ ಹೊರಟೆಯಾ?"

"ಹುಚ್ಚೀ, ಉಳಿದ ಏಳನ್ನೂ ತೆರೆದಾಗಲೆಲ್ಲ ನನ್ನ ಗೂಡು ಕೆಳಗೆ ಬಿತ್ತು. ನಿನ್ನಂಥವಳನ್ನೇ ಹುಡುಕುತ್ತಿದ್ದೆ."

ತಾನು ಗೋಡೆಯೋ ಕಿಟಕಿಯೋ ಎಂಬ ಗೊಂದಲ ಅದಕ್ಕೆ ಇನ್ನೂ ಹೋಗಿಲ್ಲ. ಮೊಟ್ಟೆಯೊಡೆದು ಬಂದ ಮರಿಗಳು ಮಾತ್ರ ಅದನ್ನು ಮನೆ ಎನ್ನುತ್ತವೆ.