ಉಣ್ಣುವಾಗ ಬಂದ ಕೂಗು

"ಗುರುಗಳೇ, ಕೆಲವು ನಾಡುಗಳಲ್ಲಿ ಪ್ರತಿಯೊಂದನ್ನೂ ರಾಜನೇ ಮಾಡುತ್ತಾನೆ. ಕೆಲವು ನಾಡುಗಳಲ್ಲಿ ರಾಜನೊಬ್ಬನಿದ್ದಾನೆ ಎಂಬುದೇ ಪ್ರಜೆಗಳಿಗೆ ಮರೆತುಹೋಗಿರುತ್ತದೆ. ಇಬ್ಬರಲ್ಲಿ ಯಾವ ರಾಜನದು ಸರಿ?" ಎಂದು ಶಿಷ್ಯ ಕೇಳಿದ.

ಅವನು ನಾಲ್ಕಾರು ನಾಡು ಸುತ್ತಿ ಬಂದಿದ್ದ. ಉತ್ತರ ಅವನ ಬಳಿ ಆಗಲೇ ಸಿದ್ಧವಾಗಿತ್ತು; ಗುರುಗಳ ಬಾಯಿಂದ ಹೌದೆನಿಸಿಕೊಳ್ಳುವುದಷ್ಟೇ ಬಾಕಿ. ಗುರುಗಳಿಗೆ ಇದು ತಿಳಿಯದ್ದೇನಲ್ಲ. "ಕೂತುಕೋ" ಎಂದು ಒಂದು ಕತೆ ಹೇಳಿದರು.

ಹೊಳೆಯ ಈಚೆ ದಡದಲ್ಲಿ ಒಂದು ಊರಿತ್ತು. ಆ ಊರಿಗೂ ಒಬ್ಬ ರಾಜನಿದ್ದ. ವರ್ಷಕ್ಕೊಮ್ಮೆ ಕಂದಾಯದವನು ಬಂದಾಗ ಜನ, "ಓ, ಇನ್ನೂ ಇದ್ದಾನೆ" ಎಂದುಕೊಳ್ಳುತ್ತಿದ್ದರು. ಉಳಿದಂತೆ ಊರನ್ನು ಊರೇ ನಡೆಸಿಕೊಳ್ಳುತ್ತಿತ್ತು. ಅಲ್ಲಿ ಒಂದು ಕಟ್ಟಳೆ. ಯಾರ ಮನೆಯಿಂದಲಾದರೂ ಕೂಗು ಎದ್ದರೆ ಮನೆಗೊಬ್ಬರು ಓಡಬೇಕು. ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಓಡಬೇಕು. ಕೈ ತೊಳೆದು ಬಂದವನನ್ನು ಬಂದವನೆಂದು ಎಣಿಸುತ್ತಿರಲಿಲ್ಲ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೂ, ಕರು ಬಾವಿಗೆ ಬಿದ್ದರೂ, ಅನ್ನ ಮೆತ್ತಿದ ಕೈಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಲ್ಲಿ ಸೇರುತ್ತಿದ್ದವು.

ಆ ಊರಿನಲ್ಲಿ ಒಬ್ಬ ಗಾಣಿಗನಿದ್ದ. ಎಲ್ಲರಿಗಿಂತ ಮೊದಲು ಓಡುವವನು ಅವನೇ. ಹೆಂಡತಿ, "ಒಂದು ತುತ್ತನ್ನಾದರೂ ನೆಮ್ಮದಿಯಾಗಿ ತಿನ್ನಬಾರದೇ" ಎಂದು ಗೊಣಗಿದರೆ, "ನಾಳೆ ನಮ್ಮ ಮನೆಯಲ್ಲೂ ಕೂಗು ಏಳಬಹುದು ಕಣೇ" ಎನ್ನುತ್ತಿದ್ದ.

ಗಾಣಿಗನಿಗೆ ಒಬ್ಬಳೇ ಮಗಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಒಳಮನೆಯ ಮೂಲೆ ಅವಳಿಗೆ ಹಿಡಿಸಲಿಲ್ಲ. ಅಪ್ಪನ ಜೊತೆ ಗಾಣದ ಮುಂದೆ ಕೂತು ಎಣ್ಣೆ ಅಳೆದು ಕೊಡತೊಡಗಿದಳು. ಊರ ಹಿರಿಯರು ಬಂದರು.

"ಬೆಳಗೆದ್ದು ಎಣ್ಣೆಗೆ ಬಂದವರು ಗಂಡ ಸತ್ತವಳ ಮುಖ ನೋಡಬೇಕೇನಯ್ಯ? ಒಳಗೆ ಕೂರಿಸು."

"ಒಳಗೆ ಕೂರಿಸಿದರೆ ಸತ್ತೇ ಹೋಗುತ್ತಾಳೆ ಯಜಮಾನರೇ. ನನ್ನಿಂದಾಗದು."

ಅಂದಿನಿಂದ ಗಾಣಿಗನ ಮನೆ ಊರ ಕಟ್ಟಿನಿಂದ ಹೊರಗಾಯಿತು. ಬೇಸಿಗೆಯ ಒಂದು ಮಧ್ಯಾಹ್ನ ಗಾಣದ ಮನೆಗೆ ಕಿಡಿ ತಗುಲಿತು. ತಲೆಮಾರುಗಳಿಂದ ಎಣ್ಣೆ ಕುಡಿದ ಮರ, ಕೇಳಬೇಕೇ? ಹೆಂಡತಿ ಎತ್ತಿನ ಹಗ್ಗ ಬಿಚ್ಚಲು ಒಳಗೆ ನುಗ್ಗಿದಳು. ತೊಲೆ ಬಿತ್ತು. ಗಾಣಿಗ ಗಂಟಲು ಹರಿಯುವಂತೆ ಕೂಗಿದ. ಊಟದ ಹೊತ್ತು. ಊರೆಲ್ಲ ಕೇಳಿಸಿಕೊಂಡಿತು. ಕೇಳಿಸಿಕೊಂಡು, ಊಟ ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡಿತು. ಅಪ್ಪ ಮಗಳು ಇಬ್ಬರೇ ಎಷ್ಟು ನೀರು ಹೊತ್ತಾರು? ಹೆಂಡತಿಯೂ ಉಳಿಯಲಿಲ್ಲ, ಎತ್ತೂ ಉಳಿಯಲಿಲ್ಲ.

ಮರುದಿನ ಹಿರಿಯನೊಬ್ಬ ಎದುರಿಗೆ ಸಿಕ್ಕಿದ. "ಕೇಳಿಸಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕಟ್ಟು ಮೀರಿದವನ ಕೂಗಿಗೆ ಊರು ಏಳುವುದಿಲ್ಲ" ಎಂದ. ಎಷ್ಟು ಸತ್ಯವಂತ ನೋಡು! ಆ ವರ್ಷ ಕಂದಾಯದವನು ಬಂದಾಗ ಗಾಣಿಗ ಅವನ ಮುಂದೆ ಗೋಳು ತೋಡಿಕೊಂಡ. ಅವನು "ಅಯ್ಯೋ ಪಾಪ" ಎಂದ. "ಆದರೆ ಅದು ನಿಮ್ಮ ಊರೊಳಗಿನ ಮಾತು. ಅದಕ್ಕೆಲ್ಲ ಅರಮನೆ ಕೈ ಹಾಕುವುದಿಲ್ಲಪ್ಪ" ಎಂದು ಕುದುರೆ ಹತ್ತಿದ.

ಗಾಣಿಗ ಮಗಳ ಕೈ ಹಿಡಿದುಕೊಂಡು ಹೊಳೆ ದಾಟಿದ. ಇನ್ನು ಅವಳೊಬ್ಬಳೇ ಅವನ ಪಾಲಿಗೆ ಉಳಿದವಳು.

ಆಚೆ ದಡದ ನಾಡು ಬೇರೆ ರಾಜನದು. ಅವನು ಪ್ರಜೆಗಳ ಕಷ್ಟಕ್ಕೆ ಕಣ್ಣೀರು ಹಾಕುವ ರಾಜ. ಬೆಂಕಿ ಆರಿಸಲು ಆಳುಗಳು, ಕೆರೆಯಲ್ಲಿ ಬಿದ್ದವರನ್ನು ಎತ್ತಲು ಆಳುಗಳು, ದಿಕ್ಕಿಲ್ಲದ ಹೆಣಕ್ಕೆ ಹೆಗಲು ಕೊಡಲೂ ಅರಮನೆಯ ಆಳುಗಳೇ. ಕೂಗಿದವನ ಕುಲ ಯಾವುದು, ನಡತೆ ಎಂಥದು ಎಂದು ಕೇಳುವಂತಿಲ್ಲ. ಅದು ರಾಜನ ಅಪ್ಪಣೆ. ಮಗಳು ಬೀದಿಯ ಬಾಗಿಲಲ್ಲೇ ಕೂತು ಎಣ್ಣೆ ಮಾರಿದಳು. ಅವಳ ಹಣೆಯಲ್ಲಿ ಕುಂಕುಮ ಉಂಟೋ ಇಲ್ಲವೋ ಎಂದು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು. "ರಾಜನೆಂದರೆ ಹೀಗಿರಬೇಕು" ಎಂದು ಗಾಣಿಗ ಅರಮನೆಯ ದಿಕ್ಕಿಗೆ ಕೈ ಮುಗಿದ. ಹೊಟ್ಟೆಯೊಳಗಿನಿಂದ ಬಂದ ಮಾತು ಅದು.

ಅಲ್ಲಿಗೆ ಬಂದ ಹೊಸದರಲ್ಲಿ ಒಂದು ದಿನ, ಊಟದ ನಡುವೆ ಯಾರದೋ ಕೂಗು ಕೇಳಿಸಿತು. ಗಾಣಿಗ ಹಳೆಯ ಅಭ್ಯಾಸದಂತೆ ಎಂಜಲು ಕೈಯಲ್ಲೇ ಬೀದಿಗೆ ಹಾರಿದ. ಜಗಲಿಯ ಮೇಲೆ ಕೂತಿದ್ದ ನೆರೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನು ಗಾಣಿಗಣ್ಣ, ಅನ್ನ ಬಿಟ್ಟು ಎಲ್ಲಿಗೆ ಓಟ? ಹೋಗುವವರು ಹೋಗುತ್ತಾರೆ. ಅವರನ್ನು ಇಟ್ಟಿರುವುದು ಮತ್ಯಾತಕ್ಕೆ?"

ಅವರು ಹೇಳಿದ್ದು ನಿಜವೇ. ಗಾಣಿಗ ತಲುಪುವ ಹೊತ್ತಿಗೆ ಆಳುಗಳು ಬೆಂಕಿ ಆರಿಸಿ ಆಗಿತ್ತು. "ದಾರಿ ಬಿಡಿ ಹಿರಿಯರೇ, ಕೆಲಸಕ್ಕೆ ಅಡ್ಡಿಯಾಗುತ್ತೀರಿ" ಎಂದು ಒಬ್ಬ ವಿನಯದಿಂದಲೇ ಹೇಳಿದ. ಕೈಯಲ್ಲಿ ಒಣಗಿದ ಅನ್ನ ಕಂಡು ಗಾಣಿಗನಿಗೆ ನಾಚಿಕೆಯಾಯಿತು. ಮುಂದಿನ ಸಲ ಕೂಗು ಎದ್ದಾಗ ಬಾಗಿಲವರೆಗೆ ಹೋಗಿ ನಿಂತ. ಆಮೇಲಾಮೇಲೆ ಮಣೆ ಬಿಟ್ಟು ಏಳುವುದನ್ನೂ ಬಿಟ್ಟ. ನೆಮ್ಮದಿಯಾಗಿ ಉಂಡ. ಪಾಪ, ಅವನ ಹೆಂಡತಿ ಬಯಸಿದ್ದೂ ಅದನ್ನೇ.

ಹೀಗೆ ಕೆಲವು ವರ್ಷ ಕಳೆದವು. ಒಂದು ಮಧ್ಯಾಹ್ನ ಮಗಳು ಅಪ್ಪನಿಗೆ ಬಡಿಸಿಟ್ಟು, ಎಣ್ಣೆಬಟ್ಟೆ ಒಗೆಯಲು ಹಿತ್ತಿಲ ಕೆರೆಗೆ ಹೋದಳು. ಗಾಣಿಗ ಉಣ್ಣುತ್ತಿದ್ದಾಗ ಕೆರೆಯ ಕಡೆಯಿಂದ ಹೆಂಗಸಿನ ಕೂಗು ಬಂತು. ಒಂದಲ್ಲ, ನಾಲ್ಕಾರು ದನಿಗಳು. ತುತ್ತು ಹಿಡಿದ ಕೈ ಅರೆಗಳಿಗೆ ನಿಂತಿತು. "ಆಳುಗಳು ಹೋಗುತ್ತಾರೆ" ಎಂದುಕೊಂಡ. ತುತ್ತು ಬಾಯಿಗೆ ಹೋಯಿತು. ಮಜ್ಜಿಗೆ ತಾನೇ ಬಡಿಸಿಕೊಂಡ. ಉಂಡ. ಕೈ ತೊಳೆದ. ಪಂಚೆಯ ಅಂಚಿಗೆ ಕೈ ಒರೆಸಿಕೊಳ್ಳುತ್ತ ಜಗಲಿಗೆ ಬಂದು ನೆರೆಯವನನ್ನು ಕೇಳಿದ:

"ಯಾರಂತೆ?"

ನೆರೆಯವನು ಬೀದಿಯ ಕಡೆ ನೋಡಿದ. ಆಳುಗಳು ಅವಳನ್ನು ಹೊತ್ತು ಬೀದಿಯ ತಿರುವಿನಲ್ಲಿ ಬರುತ್ತಿದ್ದರು.

ಆಳುಗಳ ತಪ್ಪೇನಿಲ್ಲ. ಕೆರೆಯ ಆಚೆ ಕೊನೆಯಲ್ಲಿ ಇನ್ನೊಬ್ಬನನ್ನು ಎತ್ತುತ್ತಿದ್ದವರು ಎದ್ದೆವೋ ಬಿದ್ದೆವೋ ಎಂದು ಓಡಿ ಬಂದಿದ್ದರು. ಅವಳು ಜಾರಿದ್ದು ಮೆಟ್ಟಿಲ ಬುಡದಲ್ಲೇ, ಒಂದು ಸೀರೆ ಎಸೆದರೆ ನಿಲುಕುವಷ್ಟು ದೂರ. ಮೆಟ್ಟಿಲ ಮೇಲಿದ್ದವರೂ ಕೆಟ್ಟವರಲ್ಲ. ಕೂಗಿ ಆಳುಗಳನ್ನು ಕರೆಯುವುದೇ ತಮ್ಮ ಪಾಲಿನ ಕೆಲಸ ಎಂದು ಮನಸಾರೆ ನಂಬಿ, ಗಂಟಲು ಕಟ್ಟುವವರೆಗೆ ಕೂಗಿದ್ದರು.

ಸುದ್ದಿ ತಿಳಿದು ರಾಜನೇ ಬಂದ. ಬರಿಗಾಲಲ್ಲಿ ಬಂದ. ಅವನ ಕಣ್ಣಲ್ಲಿ ನೀರಿತ್ತು, ಅದರಲ್ಲಿ ನಟನೆ ಇರಲಿಲ್ಲ. "ನಾಳೆಯಿಂದಲೇ ಈ ಕೆರೆಗೆ ಇನ್ನಷ್ಟು ಆಳುಗಳನ್ನು ಹಾಕಿಸುತ್ತೇನೆ" ಎಂದ. ನೆರೆದವರು, "ನೋಡಿದಿರಾ, ಎಂಥ ರಾಜ! ಪುಣ್ಯ ಮಾಡಿದ್ದೆವು" ಎಂದು ಪಿಸುಗುಟ್ಟಿದರು. ಒಬ್ಬ ಮುದುಕ ಗಾಣಿಗನ ಬೆನ್ನು ಸವರುತ್ತ, "ಸಮಾಧಾನ ಮಾಡಿಕೋ. ಆಳುಗಳು ಬಂದರಲ್ಲ" ಎಂದ.

ಗಾಣಿಗ ಜಗಲಿಯಲ್ಲಿ ಕೂತು ಮಗಳ ಒದ್ದೆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ರಾಜನತ್ತ ನೋಡಲಿಲ್ಲ. "ಅಲ್ಲಿ ಕೇಳಿಸಿಕೊಂಡೂ ಅವರು ಬರಲಿಲ್ಲ" ಎಂದ. ಅವಳ ಹಣೆಗಂಟಿದ ಕೂದಲು ಸರಿಸುತ್ತ, "ಇಲ್ಲಿ ಕೇಳಿಸಿಕೊಂಡೂ ನಾನೇ ಹೋಗಲಿಲ್ಲ" ಎಂದ. 

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ಮೊದಲನೆಯ ರಾಜ ಇನ್ನಷ್ಟು ಮಾಡಬೇಕಿತ್ತು, ಎರಡನೆಯವನು ಇನ್ನಷ್ಟು ಕಡಿಮೆ ಮಾಡಬೇಕಿತ್ತು. ಸರಿಯಾದದ್ದು ಅವರಿಬ್ಬರ ನಡುವೆ ಎಲ್ಲೋ ಇದೆ, ಅಲ್ಲವೇ?"

ಗುರುಗಳು ಅವನನ್ನೇ ನೋಡಿದರು.

"ಅವನ ಮಗಳ ಹೆಣ ಇನ್ನೂ ಜಗಲಿಯ ಮೇಲೇ ಇದೆ, ನೀನಾಗಲೇ ರಾಜರಿಬ್ಬರ ನ್ಯಾಯ ತೀರಿಸಿಬಿಟ್ಟೆಯಲ್ಲಪ್ಪ."